ಹೆಬ್ಬಾಳದ ಟಾಕಿ, ಅವ್ವನ ರೊಟ್ಟಿ

ಕೋರ್ಟಿನಿಂದ ಹೊರಗೆ ಬಂದ ಮೇಲೆ ಅಪ್ಪ ಮಾಡಿದ ಮೊದಲ ಕೆಲಸವೆಂದರೆ ತಪ್ಪು ಬಸ್ಸು ಹತ್ತಿದ್ದು. ಆರ್.ಟಿ. ನಗರದ ಮನೆಗೆ ಹೋಗಬೇಕಾದವರು ಯಶವಂತಪುರದಲ್ಲಿ ಇಳಿದೆವು. ಗೆದ್ದದ್ದು ಪೂರ್ತಿ ಮೊಕದ್ದಮೆಯನ್ನೇನೂ ಅಲ್ಲ, ಅದನ್ನು ಯಾರು ತೀರ್ಮಾನಿಸಬೇಕು ಎಂಬುದನ್ನಷ್ಟೇ. ಆದರೂ ಬಸ್‌ಸ್ಟಾಪಿನಲ್ಲಿ ನಿಂತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಪ್ಪತ್ತರ ದಶಕದ ಕೊನೆ. ನನಗೆ ಇಪ್ಪತ್ತೆರಡು, ಒಂದು ಕಚೇರಿಯಲ್ಲಿ ಟೈಪಿಸ್ಟು. ಅಪ್ಪನ ಅರ್ಜಿ ಟೈಪು ಮಾಡಿದವಳು ನಾನೇ, ಹಾಗಾಗಿ ಅರ್ಧ ಗೆಲುವು ನನ್ನದೆಂದು ಜಂಬ ಬೇರೆ.

ಗದಗಿನ ಕಡೆಯಿಂದ ಬಂದು ಇಲ್ಲಿ ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತಿದ್ದ ಅಪ್ಪ, ಹೆಬ್ಬಾಳದಲ್ಲಿ ಒಂದು ಸರ್ಕಾರಿ ಇಲಾಖೆಯ ವಸತಿಗೃಹಗಳಿಗೆ ನೀರಿನ ಟ್ಯಾಂಕು ಕಟ್ಟಿಕೊಟ್ಟಿದ್ದರು. ನಮ್ಮ ಮನೆಯ ಮಾತಿನಲ್ಲಿ ಟಾಕಿ. ಅದು ಸೋರುತ್ತದೆ, ಒಂದು ಕೊಡ ನೀರೂ ನಿಲ್ಲುವುದಿಲ್ಲ, ಬಳಕೆಗೇ ಬಂದಿಲ್ಲ ಎಂದು ಆ ವಸತಿಗೃಹಗಳಲ್ಲೇ ಇದ್ದ ಇಂಜಿನಿಯರ್ ಸಾಹೇಬರು ಬರೆದರು. ಅಪ್ಪನ ಹೆಸರು ಕಪ್ಪುಪಟ್ಟಿಗೆ ಹೋಯಿತು. ಆ ಪಟ್ಟಿಯಲ್ಲಿ ಇರುವತನಕ ಯಾವ ಇಲಾಖೆಯೂ ಕೆಲಸ ಕೊಡುವುದಿಲ್ಲ. ತಕರಾರು ಬಂದರೆ ಇಲಾಖೆಯ ಮೇಲಧಿಕಾರಿಯೇ ಮಧ್ಯಸ್ಥರಾಗಿ ತೀರ್ಮಾನಿಸಬೇಕೆಂದು ಕರಾರಿನಲ್ಲಿತ್ತು. ಅಪ್ಪ ತಕರಾರು ಹೂಡುವಷ್ಟರಲ್ಲಿ ಅದೇ ಸಾಹೇಬರಿಗೆ ಬಡ್ತಿ ಸಿಕ್ಕಿ, ಆ ಮೇಲಧಿಕಾರಿಯ ಕುರ್ಚಿಯಲ್ಲಿ ಅವರೇ ಬಂದು ಕೂತರು! ಅದಕ್ಕೇ ನಾವು ಕೋರ್ಟಿಗೆ ಹೋದದ್ದು.

"ಏನ್ರೀ ಇದು? ತಪ್ಪು ಅಂದೋರೂ ಅವರೇ, ತೀರ್ಪು ಕೊಡೋರೂ ಅವರೇನಾ?" ಎಂದು ನ್ಯಾಯಾಧೀಶರು ಕೇಳಿದಾಗ ಸರ್ಕಾರದ ವಕೀಲರು ಫೈಲಿನಲ್ಲಿ ಮುಖ ಹುದುಗಿಸಿದರು. ಯಾರ ಕಡೆಗೂ ಸೇರದ ಒಬ್ಬ ನಿವೃತ್ತ ಜಡ್ಜರನ್ನು ಕೋರ್ಟೇ ಮಧ್ಯಸ್ಥರನ್ನಾಗಿ ನೇಮಿಸಿತು.

ಅವರು ಟಾಕಿ ನೋಡಲು ಬರುವ ದಿನ ಗೊತ್ತಾದದ್ದೇ ತಡ, ಅವ್ವ ರೊಟ್ಟಿ ಬಡಿಯಲು ಕೂತಳು.

"ನಮ್ಮ ಕೆಲಸಕ್ಕ ಬಂದಾವ್ರನ್ನ ಖಾಲಿ ಹೊಟ್ಟೀಲೆ ಕಳಸೂದೇನು?"

ಅಪ್ಪ ಹಣೆ ಚಚ್ಚಿಕೊಂಡರು. "ಏ, ಅದು ಲಂಚ ಆಗ್ತೈತಿ!"

"ರೊಟ್ಟಿ ಯಾವಾಗಿಂದ ಲಂಚ ಆತ್ರಿ? ಎರಡೂ ಕಡ್ಯಾವ್ರಿಗೂ ಸಮ ಬಡಸ್ತೀನಿ."

ನಮ್ಮವ್ವನ ಜೊತೆ ವಾದ ಮಾಡಿ ಗೆಲ್ಲುವ ವಕೀಲ ಇನ್ನೂ ಹುಟ್ಟಿರಲಿಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಬುತ್ತಿ ಹೊತ್ತು ಮೂವರೂ ಹೆಬ್ಬಾಳಕ್ಕೆ ಹೋದೆವು.

ಟಾಕಿಯ ಮೇಲೆ ಹತ್ತಿ ನೋಡೋಣವೆಂದರೆ ಇಲಾಖೆಯ ಏಣಿ ರಿಪೇರಿಗೆ ಹೋಗಿತ್ತು. "ನೋಡೋಕೇನಿದೆ ಸಾರ್, ಒಣಗಿ ಬಿದ್ದಿದೆ. ಒಂದ್ ತೊಟ್ಟೂ ನಿಲ್ಲಲ್ಲ" ಎಂದರು ಸಾಹೇಬರು. ಏಣಿ ತರಲು ಜನ ಓಡಿದರು. ಅಷ್ಟರಲ್ಲಿ ಊಟದ ಹೊತ್ತಾಯಿತು.

ಮಧ್ಯಸ್ಥರು ಅವ್ವನಿಗೆ ಕೈ ಮುಗಿದರು. "ತಪ್ಪು ತಿಳೀಬೇಡಿ ತಾಯಿ, ನಾನಿವತ್ತು ಯಾರ ಕಡೆಯ ನೀರೂ ಕುಡಿಯೋ ಹಾಗಿಲ್ಲ" ಎಂದು ಮನೆಯಿಂದ ತಂದ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡರು. ಅವ್ವನಿಗೆ ಅಳುವೇ ಬಂತು. ಸಾಹೇಬರಿಗೆ ಅಂಥ ವ್ರತವೇನೂ ಇರಲಿಲ್ಲ. ಹೊಂಗೆಮರದ ನೆರಳಿನಲ್ಲಿ ಕೂತು, "ಅಮ್ಮಾವ್ರೇ, ಎಣ್ಣೆಗಾಯಿ ಭಾಳ ಚೆನ್ನಾಗಿದೆ ಕಣ್ರೀ" ಎನ್ನುತ್ತ ನಾಲ್ಕು ರೊಟ್ಟಿ ಇಳಿಸಿದರು. ಆಮೇಲೆ ಎಣ್ಣೆ ಮೆತ್ತಿದ ಕೈಯನ್ನು ಎತ್ತಿ ಹಿಡಿದು, ಅತ್ತಿತ್ತ ನೋಡದೆ, ಟಾಕಿಯ ಬುಡದಲ್ಲಿದ್ದ ನಲ್ಲಿಯ ಹತ್ತಿರ ನಡೆದು ಹೋಗಿ ತಿರುಗಿಸಿದರು.

ನೀರು ಭರ್ರೆಂದು ಬಂತು. ಪ್ಯಾಂಟು ಮೊಣಕಾಲತನಕ ತೊಯ್ದು ಹೋಯಿತು. ಆ ನಲ್ಲಿಗೆ ನೀರು ಬರುವುದು ಟಾಕಿಯಿಂದ ಮಾತ್ರ.

ಮಧ್ಯಸ್ಥರು ಕಾಫಿ ಕೆಳಗಿಟ್ಟು, "ಸಾಹೇಬ್ರೇ, ನಲ್ಲಿ ಎಲ್ಲಿದೆ ಅಂತ ನಿಮಗೆ ಹೆಂಗ್ ಗೊತ್ತಾಯ್ತು?" ಎಂದು ಕೇಳಿದರು.

"ದಿನಾ ಇಲ್ಲೇ ಅಲ್ವಾ ಸಾರ್ ತೊಳೆಯೋದು..." ಎಂದವರು ಅಲ್ಲಿಗೇ ನಿಂತರು.

ಮಧ್ಯಸ್ಥರು ಜೇಬಿನಿಂದ ಪುಸ್ತಕ ತೆಗೆದು ಏನೋ ಗೀಚಿಕೊಂಡರು. ನಾನು ಮರದ ಹಿಂದೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ. ಅವ್ವ ಮಾತ್ರ ಏನೂ ಆಗಿಲ್ಲವೆಂಬಂತೆ, "ಇನ್ನೊಂದು ರೊಟ್ಟಿ ಹಾಕ್ಲ್ಯಾರಿ?" ಎಂದು ಸಾಹೇಬರನ್ನು ವಿಚಾರಿಸುತ್ತಿದ್ದಳು.

ತೀರ್ಪು ಅಂಚೆಯಲ್ಲಿ ಬಂತು. ಇಂಗ್ಲಿಷಿನಲ್ಲಿತ್ತು. ನಾನು ಕನ್ನಡ ಮಾಡಿ ಓದಿದೆ: ಟ್ಯಾಂಕಿನಲ್ಲಿ ನೀರು ನಿಲ್ಲುತ್ತದೆ, ನಾನೇ ಕಣ್ಣಾರೆ ಕಂಡಿದ್ದೇನೆ, ಗುತ್ತಿಗೆದಾರರ ಹೆಸರನ್ನು ಕಪ್ಪುಪಟ್ಟಿಯಿಂದ ತೆಗೆಯತಕ್ಕದ್ದು. "ಇನ್ನೊಮ್ಮೆ ಓದವಾ" ಎಂದರು ಅಪ್ಪ. ಓದಿದೆ. ಮೂರನೆಯ ಸಲ ಓದುವಾಗ, ಎಲ್ಲದಕ್ಕೂ ನಗುವ ನಮ್ಮಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದರು.

ಅವ್ವ ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದಳು. "ಟಾಕಿ ಸೋರೂದಿಲ್ಲಂತ ಕೋರ್ಟಿನಾವ್ರ ಬರದಾರ. ಈಗ ನೀವ್ಯಾಕ ಸೋರಾಕತ್ತೀರಿ?"