ಪಾದ ಸಮೇತ ಒಂದು ಫೋಟೊ

ನಮ್ಮ ಯಜಮಾನರು ಪ್ರಾಣೇಶ ಏಳು ವರ್ಷ ಕ್ಯಾಮೆರಾ ಮುಟ್ಟಿರಲಿಲ್ಲ. ಅದಕ್ಕೆ ಕಾರಣ ನನ್ನ ನಾದಿನಿ ಶೈಲಾಳ ಮಗನ ಮದುವೆ. ಯಾರ ಕೊರಳಲ್ಲಿ ಕ್ಯಾಮೆರಾ ಇದೆಯೋ ಅವರನ್ನು ಪುಕ್ಕಟೆ ಫೋಟೊಗ್ರಾಫರ್ ಮಾಡಿ, ಕೊನೆಯ ಪಂಕ್ತಿಗೆ ಊಟಕ್ಕೆ ಕೂರಿಸುವುದು ನಮ್ಮ ಬಳಗದ ರೂಢಿ. ಇವರು ಇಪ್ಪತ್ತು ವರ್ಷ ಹಾಗೆ ದುಡಿದರು. ಆ ಮದುವೆಯಲ್ಲಿ ಇನ್ನೇನು ತಾಳಿ ಕಟ್ಟಬೇಕು ಎನ್ನುವಾಗ, ಮೂಲೆಯಲ್ಲಿ ಕೂತ ಅಜ್ಜಿಯೊಬ್ಬಳ ಅಕ್ಷತೆ ಹಿಡಿದ ಮುಷ್ಟಿಯ ಮೇಲೆ ಬಿಸಿಲು ಬಿದ್ದದ್ದು ಇವರ ಕಣ್ಣಿಗೆ ಬಿತ್ತು. ಮುಷ್ಟಿಯ ಫೋಟೊ ಹನ್ನೆರಡು ಬಂದವು, ತಾಳಿ ಕಟ್ಟುವುದು ಒಂದೂ ಇಲ್ಲ. ಶೈಲಾ ಆರು ತಿಂಗಳು ಮಾತು ಬಿಟ್ಟಳು. ಇವರು ಕ್ಯಾಮೆರಾ ಒಯ್ದು ನನ್ನ ರೇಷ್ಮೆ ಸೀರೆಗಳ ಕೆಳಗೆ ಹೂತುಬಿಟ್ಟರು.

ಇವರ ಅಜ್ಜ ನಿಜಾಮರ ಕಾಲದಲ್ಲಿ ಕಲಬುರ್ಗಿಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದವರು. ಇವರೂ ಸರ್ಕಾರಿ ಕಚೇರಿಯಲ್ಲಿ ಕಾಲುವೆಗಳ ನಕ್ಷೆ ಬರೆದು ನಿವೃತ್ತರಾದರು. ದಿಲ್‌ಸುಖ್‌ನಗರದ ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಆಟೋ ಹತ್ತಿದರೆ ಹಿಂದಿ. ನಿವೃತ್ತಿಯ ನಂತರ ದಿನಕ್ಕೆ ಮೂರು ಪೇಪರ್ ಓದಿ ನನ್ನ ತಲೆ ತಿನ್ನುತ್ತಿದ್ದರು.

ಕಳೆದ ಡಿಸೆಂಬರಿನಲ್ಲಿ ಕೊಂಡಾಪುರದಿಂದ ಬಂದ ಮಗಳು ಧನಶ್ರೀ ನನ್ನ ಕಪಾಟು ಹಸನು ಮಾಡುವಾಗ ಕ್ಯಾಮೆರಾ ಸಿಕ್ಕಿತು. ಯಾರಿಗಾದರೂ ಕೊಟ್ಟುಬಿಡಿ ಎಂದಳು. ಕೊಡುವ ಮೊದಲು ನಡೆಯುತ್ತದೋ ಇಲ್ಲವೋ ನೋಡೋಣ ಎಂದು ಇವರು ಹೊಸ ಬ್ಯಾಟರಿ ಹಾಕಿಸಿ ತಂದರು. ನಾನು ಅಡಿಗೆಮನೆಯಲ್ಲಿ ಪಲ್ಯಕ್ಕೆ ಹೆಚ್ಚುತ್ತಿದ್ದೆ. ಇವರು ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು.

"ಸುಹಾಸಿನಿ, ಬದನಿಕಾಯಿಗೆ ಇಷ್ಟು ಬಣ್ಣ ಇರ್ತದೇನು?"

"ಅರವತ್ತು ವರ್ಷದಿಂದ ತಿನ್ಲಿಕತ್ತೀರಿ, ಈಗ ಕಂಡ್ತೇನು?" ಎಂದೆ.

ಕ್ಯಾಮೆರಾ ಯಾರಿಗೂ ಹೋಗಲಿಲ್ಲ. ಭಾನುವಾರ ಬೆಳಗಾದರೆ ಸ್ಕೂಟರ್ ಉಪ್ಪಲ್ ಕಡೆ ಓಡತೊಡಗಿತು. ಅಲ್ಲೊಂದು ಹತ್ತು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಹಸಿ ಸಿಮೆಂಟು ಬೆಳಿಗ್ಗೆ ನೀಲಿ, ಮಧ್ಯಾಹ್ನ ಬೂದಿ ಬಣ್ಣ ಯಾಕೆ? ತಲೆಯ ಮೇಲೆ ಹತ್ತು ಇಟ್ಟಿಗೆ ಹೊತ್ತವಳ ಕತ್ತು ಯಾಕೆ ಅಲುಗುವುದಿಲ್ಲ? ಮನೆಗೆ ಬಂದು ಇಂಥವನ್ನೆಲ್ಲ ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು! ಆದರೂ ಆ ಮುಖದಲ್ಲಿ ಮತ್ತೆ ಜೀವ ಬಂದದ್ದು ನೋಡಿ ಖುಷಿಯಾಗುತ್ತಿತ್ತು.

ಆ ಕತ್ತಿನವಳೇ ಯಂಕಮ್ಮ. ಎರಡು ಭಾನುವಾರ ಇಬ್ಬರೂ ತೆಲುಗಿನಲ್ಲೇ ಮಾತಾಡಿದರಂತೆ. ಅವಳದು ಹರಕು ತೆಲುಗು, ಇವರದು ಕಚೇರಿಯ ತೆಲುಗು. ಮೂರನೆಯ ವಾರ ಮೇಲಿನಿಂದ ಒಂದು ಇಟ್ಟಿಗೆ ಜಾರಿ ಪಕ್ಕದಲ್ಲೇ ಬಿದ್ದಾಗ ಅವಳು, "ಅಯ್ಯ ಶಿವನ! ಕಣ್ಣ ಕಾಣಂಗಿಲ್ಲೇನೋ ನಿನಗ?" ಎಂದು ಮೇಲಿದ್ದವನಿಗೆ ಕೂಗಿದಳು. ಯಾದಗಿರಿಯ ಹೆಂಗಸು, ಕಲಬುರ್ಗಿ ಮೂಲದ ಗಂಡಸು, ಎರಡು ವಾರ ಕಂಡವರ ಭಾಷೆಯಲ್ಲಿ ಒದ್ದಾಡಿದ್ದರು. ಇಬ್ಬರೂ ಹೊಟ್ಟೆ ತುಂಬ ನಕ್ಕರಂತೆ. ಹೊರಡುವಾಗ ಅವಳು, "ಸಾಹೇಬ್ರ, ನಂದೊಂದು ದೊಡ್ಡ ಫೋಟೊ ತಗದು ಕಾಗದದ ಮ್ಯಾಲ ಮಾಡಿ ಕೊಡ್ರಿ. ನಮ್ಮವ್ವಗ ಕಳಸಬೇಕು," ಎಂದಳು. ಇವರು ಅಲ್ಲೇ ಅವಳ ಒಂದಷ್ಟು ಫೋಟೊ ತೆಗೆದುಕೊಂಡು ಬಂದರು.

ಮುಂದಿನ ಭಾನುವಾರ ನಾನೂ ಸ್ಕೂಟರ್ ಹತ್ತಿದೆ. ಯಾರೀಕೆ, ನೋಡೋಣ ಎನ್ನುವ ಕುತೂಹಲ ನನಗೆ. ಇವರು ಐದು ಫೋಟೊ ಪ್ರಿಂಟ್ ಹಾಕಿಸಿದ್ದರು. ಅರ್ಧ ಬೆಳಕು ಬಿದ್ದ ಮುಖ, ಸಿಮೆಂಟು ಒಣಗಿದ ಅಂಗೈ, ಬುಟ್ಟಿ ಹೊತ್ತ ಕಪ್ಪು ನೆರಳು. ಸುಳ್ಳೇಕೆ, ನನಗೂ ಹೆಮ್ಮೆಯಾಗಿತ್ತು. ಯಂಕಮ್ಮ ಒಂದೊಂದನ್ನೇ ನೋಡಿದಳು. ಕೊನೆಯದನ್ನು ತಿರುವಿ ಹಿಂದೆಯೂ ನೋಡಿದಳು.

"ಕಾಲು ಎಲ್ಲಿ ಅದಾವ್ರಿ?"

ಇವರಿಗೆ ಅರ್ಥವಾಗಲಿಲ್ಲ. ಅವಳು ನನ್ನ ಕಡೆ ತಿರುಗಿದಳು. "ಅಕ್ಕಾರ, ದಸರಾದಾಗ ನಾ ಹಲಗಿ ಮ್ಯಾಲಿಂದ ಬಿದ್ದಿದ್ದೆ. ಕಾಲಿಗೆ ಪಟ್ಟಿ ಹಾಕಿದ್ರು, ಈಗ ಆರಾಮ ಐತಿ. ಊರಾಗ ಯಾರೋ ಕಾಲ ಕಡದಾರ ಅಂತ ಸುದ್ದಿ ಮುಟ್ಟಿಸ್ಯಾರ. ನಾನು ಫೋನಿನ್ಯಾಗ ಹೇಳಿದ್ರ ಅವ್ವ ನಂಬವಲ್ಲಳು. ಕಣ್ಣಾಗ ಪೊರಿ ಬಂದೈತಿ, ಮೊಬೈಲಿನ್ಯಾಗ ಏನೂ ಕಾಣಂಗಿಲ್ಲ. ದೊಡ್ಡ ಕಾಗದ ಇದ್ರ ಬೆಳಕಿಗೆ ಹಿಡದು ನೋಡ್ತಾಳ. ಮಗಳ ಕಾಲು ಹೋತು ಅಂತ ಒಂದ ಹೊತ್ತು ಉಣ್ಣಾಕತ್ತಾಳ್ರಿ."

"ನೀನೇ ಒಮ್ಮೆ ಹೋಗಿ ಬರಬಾರದೇನವ್ವ?" ಎಂದು ನಾನು ಕೇಳಿದೆ.

"ಸ್ಲಾಬ್ ಮುಗಿಯೋತನ ಮೇಸ್ತ್ರಿ ಬಿಡಂಗಿಲ್ರಿ. ನಮ್ಮ ಮೈದುನ ಮಲ್ಲು ಇವತ್ತ ನಾಕಕ್ಕ ಬಸ್ ಹತ್ತತಾನ. ಅವನ ಕೈಯಾಗ ಕಳಸಬೇಕಂತಿದ್ದೆ."

ಇವರ ಮುಖ ಆ ಮದುವೆಯ ದಿನ ಬಿಳುಚಿಕೊಂಡಂತೆಯೇ ಬಿಳುಚಿಕೊಂಡಿತು. ನನಗೆ ಸಿಟ್ಟು ನೆತ್ತಿಗೇರಿತು. "ಯಾಕ ಬೇಕು ಅಂತ ಒಂದು ಮಾತು ಕೇಳ್ಬಾರ್ದೇನ್ರಿ?" ಎಂದೆ. ಗಂಟೆ ಹನ್ನೊಂದಾಗಿತ್ತು. ನಡು ಹಗಲು ಬಿಸಿಲಲ್ಲಿ ಕ್ಯಾಮೆರಾ ತೆಗೆಯಬಾರದು ಎಂದು ನನಗೆ ನೂರು ಸಲ ಪಾಠ ಹೇಳಿದವರು, ಅದೇ ಬಿಸಿಲಲ್ಲಿ ಕ್ಯಾಮೆರಾ ತೆಗೆದರು.

"ಏನೇನು ಕಾಣಬೇಕು ಹೇಳವ್ವ."

"ನೆತ್ತಿಯಿಂದ ಪಾದದ ತನ. ಎರಡೂ ಕೈ. ಹತ್ತೂ ಬೆರಳು."

ಯಂಕಮ್ಮ ಡ್ರಮ್ಮಿನ ನೀರಲ್ಲಿ ಕಾಲು ತೊಳೆದು, ಸೀರೆ ಕಣಕಾಲಿನ ತನಕ ಎತ್ತಿ ಸಿಕ್ಕಿಸಿ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಳು. ಬೆರಳು ಸ್ಪಷ್ಟ ಕಾಣಲಿ ಎಂದು ಇವರು ಚಪ್ಪಲಿ ಬಿಡಿಸಿದರು. ಯಾರನ್ನೂ ನೆಟ್ಟಗೆ ನಿಲ್ಲಿಸಿ ಫೋಟೊ ತೆಗೆಯದ ಮನುಷ್ಯ, ಮೊಣಕಾಲೂರಿ, ಇಸ್ತ್ರಿ ಮಾಡಿದ ಪ್ಯಾಂಟಿಗೆಲ್ಲ ಸಿಮೆಂಟು ಮೆತ್ತಿಕೊಂಡು, ಎಂಟು ಸಲ ಕ್ಲಿಕ್ಕಿಸಿದರು. ಪ್ರತಿ ಸಲ ಅವಳಿಗೆ ತೋರಿಸಿ, "ಸಾಕೇನವ್ವ?" ಎಂದು ಕೇಳಿದರು.

ದಿಲ್‌ಸುಖ್‌ನಗರದ ಪ್ರಿಂಟಿನ ಅಂಗಡಿಯವನು ಅಳತೆಗೆ ಕೂರಿಸಲು ಕೆಳಗಡೆ ಸ್ವಲ್ಪ ಕತ್ತರಿಸುತ್ತೇನೆ ಎಂದ. ಇವರು ಅವನ ಮೇಲೆ ಎಗರಾಡಿದ್ದು ನೋಡಿ ನಾನೇ ಹೆದರಿದೆ. ಅಷ್ಟು ಜೋರು ದನಿ ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಸ್ ನಿಲ್ದಾಣದಲ್ಲಿ ಮಲ್ಲುವಿನ ಕೈಗೆ ಸುರುಳಿ ಸುತ್ತಿದ ಫೋಟೊ ಕೊಟ್ಟೆವು. ಆ ವಾರ ಇವರು ಪೇಪರ್ ಓದಲಿಲ್ಲ. ಮುದುಕಿ ನಂಬುತ್ತಾಳೋ ಇಲ್ಲವೋ ಎಂದು ದಿನಾ ಕೇಳುತ್ತಿದ್ದರು.

ಮತ್ತೆ ಭಾನುವಾರ ಹೋದಾಗ ಯಂಕಮ್ಮ ದೂರದಿಂದಲೇ ನಗುತ್ತ ಬಂದಳು. ಅವಳವ್ವ ಫೋಟೊವನ್ನು ಕಿಟಕಿಗೆ ಹಿಡಿದು, ಕಾಗದಕ್ಕೆ ಮೂಗು ತಾಗಿಸಿ, ಕಾಲಿನ ಬೆರಳು ಎರಡು ಸಲ ಎಣಿಸಿದಳಂತೆ. ಆಮೇಲೆ ಎರಡು ರೊಟ್ಟಿ ತಿಂದಳಂತೆ. ನನ್ನ ಎದೆ ಹಗುರಾಯಿತು. ಇವರು ಕನ್ನಡಕ ತೆಗೆದು ಒರೆಸಿಕೊಂಡರು.

"ಆಮ್ಯಾಲ ಫೋನ್ ಮಾಡಿ ಬೈದ್ಲರಿ," ಎಂದಳು ಯಂಕಮ್ಮ. "ಕಾಲು ಅದಾವ, ಖರೆ. ಅಷ್ಟು ದೊಡ್ಡ ಊರಾಗ ನಿನಗೊಂದು ಜೋಡ ಚಪ್ಪಲಿ ಇಲ್ಲೇನ ನನ್ನವ್ವ, ಅಂತ ಭಾಳ ಅತ್ಲು."

"ಅಯ್ಯ, ಬಿಡಿಸಿದವ ನಾನು," ಎಂದು ಇವರು ಗಡಬಡಿಸಿ ಕ್ಯಾಮೆರಾ ಎತ್ತಿದರು. "ಚಪ್ಪಲ್ ಹಾಕ್ಕೊಂಡು ನಿಂದ್ರು, ಇನ್ನೊಂದು ಕಳಸೋಣ."

ಯಂಕಮ್ಮ ಅಲ್ಲಾಡಲಿಲ್ಲ. "ಇವು ಬ್ಯಾಡ್ರಿ ಸಾಹೇಬ್ರ. ಇವನ್ನ ನೋಡಿದ್ರ ಅವ್ವ ಮತ್ತ ಊಟ ಬಿಡ್ತಾಳ."

ಆಗ ನಾವಿಬ್ಬರೂ ಕೆಳಗೆ ನೋಡಿದೆವು. ಒಂದು ಚಪ್ಪಲಿಯ ಹಿಮ್ಮಡಿ ಸವೆದು ತೂತು ಬಿದ್ದಿತ್ತು. ಇನ್ನೊಂದರ ಪಟ್ಟಿಯನ್ನು ಕಬ್ಬಿಣದ ಸರಳು ಕಟ್ಟುವ ತಂತಿಯಿಂದ ಬಿಗಿದಿದ್ದಳು. ಕಳೆದ ವಾರ ಅದೇ ಚಪ್ಪಲಿಯನ್ನು ಇವರು ತಮ್ಮ ಕೈಯಿಂದಲೇ ಆಚೆ ಸರಿಸಿದ್ದರು. ನಾನೂ ಪಕ್ಕದಲ್ಲೇ ನಿಂತಿದ್ದೆ.

ಪ್ರಾಣೇಶ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಸ್ಕೂಟರಿನ ಕೀಲಿ ತೆಗೆದರು.

"ನಿನ್ನ ಕಾಲಿನ ಅಳತಿ ಎಷ್ಟವ್ವ?" ಎಂದು ಕೇಳಿದರು.