ಜುಲೈ ನಾಲ್ಕಾದ ಏಪ್ರಿಲ್ ಏಳು

ತೊಂಬತ್ತರ ದಶಕದಲ್ಲಿ ಕೆಲವು ವರ್ಷ ನಾನು ಚಿಕ್ಕಬಳ್ಳಾಪುರದಲ್ಲಿ ಒಂದು ಕೋಣೆ ಹಿಡಿದುಕೊಂಡು ಸುತ್ತಲಿನ ಊರುಗಳ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡುತ್ತಿದ್ದೆ. ಆಗ ಈ ಕಡೆ ಕಂಪ್ಯೂಟರ್ ಇದ್ದ ಜಾಗಗಳೇ ಕಡಿಮೆ. ಚಿಂತಾಮಣಿಯಲ್ಲಿ ಒಂದು ಕಾಲೇಜು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರ ಅಂಗಡಿ, ಗೌರಿಬಿದನೂರಿನಲ್ಲಿ ಜಾತಕ ಬರೆದುಕೊಡುವ ಜೋಯಿಸರ ಅಂಗಡಿ, ಹೀಗೆ. ಸ್ಕ್ರೂಡ್ರೈವರ್, ಬ್ರಷ್ಷು, ಫ್ಲಾಪಿ ಡಬ್ಬಿ ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದರೆ ವಾಪಸ್ಸು ಬರುವಾಗ ಸಂಜೆಯಾಗುತ್ತಿತ್ತು.

ಯಂತ್ರಗಳ ಜೊತೆ ನನಗೆ ಜಗಳವಿರಲಿಲ್ಲ. ಜಗಳವೆಲ್ಲ ಯಜಮಾನರ ಜೊತೆ, ಅದೂ ಬಹುಪಾಲು ನನ್ನ ಮನಸ್ಸಿನಲ್ಲೇ ನಡೆಯುತ್ತಿತ್ತು. ಚಿಂತಾಮಣಿಯ ಪ್ರಿನ್ಸಿಪಾಲರು ಕಂಪ್ಯೂಟರಿನ ಕೋಣೆಗೆ ಬೀಗ ಹಾಕಿಸಿ ಕೀಲಿಯನ್ನು ತಮ್ಮ ಮೇಜಿನಲ್ಲಿಟ್ಟುಕೊಳ್ಳುತ್ತಿದ್ದರು. "ಹುಡುಗರು ಮುಟ್ಟಿದ್ರೆ ಕೆಡುತ್ತೆ" ಅನ್ನುವರು. ಯಾರೂ ಮುಟ್ಟದೆ ಬಿಟ್ಟಿದ್ದರಿಂದ ಒಳಗೆ ಇಲಿ ಸಂಸಾರ ಹೂಡಿ ವೈರು ಕಡಿದಿರುತ್ತಿತ್ತು. ಶಿಡ್ಲಘಟ್ಟದ ವ್ಯಾಪಾರಿಯ ಕೀಬೋರ್ಡು ಸರಿಮಾಡಿ ಬಂದರೆ ಮರುದಿನವೇ ಫೋನು: ಪ್ರಿಂಟರು ನಿಂತುಹೋಗಿದೆ, "ನೀವು ಮುಟ್ಟಿದ ಮೇಲೇ ಅಲ್ವಾ ಹಿಂಗಾಗಿದ್ದು?" ಒಂದು ಸಲ ಅವರ ಅಂಗಡಿಯ ಫ್ಯಾನು ನಿಂತಾಗಲೂ ಇದೇ ಮಾತು ಕೇಳಿದೆ. ಇನ್ನು ಕೆಲವು ಕಡೆ ನಾನು ಹೋಗಿ ಸ್ವಿಚ್ಚು ಹಾಕಿದ ಕೂಡಲೇ ಯಂತ್ರ ಚೆನ್ನಾಗಿ ನಡೆಯುತ್ತಿತ್ತು. "ಏನೂ ಮಾಡ್ಲೇ ಇಲ್ವಲ್ಲಪ್ಪ ನೀನು" ಎಂದು ಕಳಿಸಿಬಿಡುತ್ತಿದ್ದರು.

ಹೀಗೆ ಕೇಳಿ ಕೇಳಿ ನನಗೂ ಒಂದು ಅಭ್ಯಾಸ ಅಂಟಿಕೊಂಡಿತು. ಯಾರು ಏನು ದೂರು ಹೇಳಿದರೂ ತಪ್ಪು ಅವರದೇ ಎಂದು ಬಸ್ಸು ಹತ್ತುವ ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಿದ್ದೆ.

ಗೌರಿಬಿದನೂರಿನ ಜೋಯಿಸರು ಮಾತ್ರ ನನ್ನನ್ನು ಎಂದೂ ದೂರಿದವರಲ್ಲ. ಅರವತ್ತು ದಾಟಿದ್ದ, ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ಅವರ ತಂದೆ, ತಾತ ಎಲ್ಲ ಕೈಯಲ್ಲೇ ಜಾತಕ ಬರೆದವರು. ಇವರಿಗೆ ಕಣ್ಣಿನಲ್ಲಿ ಪೊರೆ ಬಂದು ಪಂಚಾಂಗದ ಸಣ್ಣ ಅಕ್ಷರ ಕಾಣದಂತಾಯಿತು, ಬೆರಳೂ ನಡುಗತೊಡಗಿತು. ಆಗ ಕಂಪ್ಯೂಟರ್ ಕೊಂಡರು. ಹುಟ್ಟಿದ ತಾರೀಕು, ಹೊತ್ತು, ಊರು ಒತ್ತಿದರೆ ಐದು ಪುಟದ ಜಾತಕ ಪ್ರಿಂಟರಿನಿಂದ ಕಿರುಗುಟ್ಟುತ್ತ ಇಳಿಯುತ್ತಿತ್ತು. ಜಾತಕದಲ್ಲಿ ನನಗೆ ನಂಬಿಕೆಯಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ.

ಒಂದು ದಿನ ಅವರಿಂದ ಫೋನು ಬಂತು. "ತೊಂಡೇಬಾವಿಯಿಂದ ಒಬ್ರು ಅಜ್ಜಿ ಬಂದವ್ರೆ. ಮಿಷನ್ನು ತಪ್ಪು ಹೇಳುತ್ತೆ ಅಂತಾರೆ. ಬಂದು ಒಂದ್ಸಲ ನೋಡಪ್ಪ."

ಅಜ್ಜಿಗೆ ಜಾತಕ ಅರ್ಥವಾಗಿರುವುದಿಲ್ಲ ಎಂದುಕೊಂಡೇ ಹೋದೆ. ಆಕೆ ಅಂಗಡಿಯ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಓದು ಬರಹ ಬಾರದವರು. ಮೊಮ್ಮಗನ ಜಾತಕ ಬರೆಸಿಕೊಂಡು ಹೋಗಿ ಮನೆಯಲ್ಲಿ ಯಾರಿಂದಲೋ ಓದಿಸಿದ್ದರು. ಅದರಲ್ಲಿ ಹುಡುಗ ಆಷಾಢದಲ್ಲಿ ಹುಟ್ಟಿದವನೆಂದು ಇತ್ತಂತೆ.

"ಮಾ ಮನವಡು ಉಗಾದಿ ನಾಡು ಪುಟ್ಟಿನೋಡು" ಎಂದು ತೆಲುಗಿನಲ್ಲಿ ಶುರುಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದರು. "ನನ್ನ ಮೊಮ್ಮಗ ಉಗಾದಿ ಹಬ್ಬದ ದಿನವೇ ಹುಟ್ಟಿದ್ದು. ಆಷಾಢ ಎಲ್ಲಿಂದ ಬಂತು?"

"ಜೋಯಿಸರು ಏಪ್ರಿಲ್ ಏಳು ಅಂತ ಸರಿಯಾಗೇ ಒತ್ತಿದಾರೆ ಅಜ್ಜಿ. ಯಂತ್ರ ಲೆಕ್ಕ ತಪ್ಪಲ್ಲ. ಎಷ್ಟೋ ವರ್ಷ ಆಯ್ತಲ್ಲ, ನಿಮಗೇ ನೆನಪು ತಪ್ಪಿರಬಹುದು" ಅಂದೆ.

ಆಕೆ ಸಿಟ್ಟಾಗಲಿಲ್ಲ. "ಒಬ್ಬಟ್ಟು ಹೆಂಚಿನ ಮೇಲಿತ್ತಪ್ಪ. ಸೊಸೆಗೆ ನೋವು ಬಂತು ಅಂತ ಒಲೆ ಹಂಗೇ ಬಿಟ್ಟು ಓಡಿದೆ. ವಾಪಸ್ ಬಂದು ನೋಡಿದ್ರೆ ಸೀದು ಕರೀಗಾಗಿತ್ತು. ಆಷಾಢದಲ್ಲಿ ನಮ್ಮನೇಲಿ ಯಾರು ಒಬ್ಬಟ್ಟು ಮಾಡ್ತಾರೆ?"

ಯಂತ್ರದ ಮುಂದೆ ಕೂತು ಅದೇ ತಾರೀಕನ್ನು ಮತ್ತೆ ಒತ್ತಿದೆ. ಮತ್ತೆ ಆಷಾಢ. ಜಾತಕದ ತಂತ್ರಾಂಶದಿಂದ ಹೊರಬಂದು, ಇವತ್ತಿನ ತಾರೀಕು ಏನೆಂದು ಯಂತ್ರವನ್ನೇ ಕೇಳಿದೆ. ಪರದೆಯ ಮೇಲೆ ತಿಂಗಳು ಮೊದಲು ಬಂತು, ದಿನ ಆಮೇಲೆ.

ಎರಡು ತಿಂಗಳ ಹಿಂದೆ ಯಾರದೋ ಫ್ಲಾಪಿಯಿಂದ ಆ ಯಂತ್ರಕ್ಕೆ ವೈರಸ್ ಹೊಕ್ಕಿತ್ತು. ನಾನೇ ಬಂದು ಡಿಸ್ಕನ್ನು ಪೂರ್ತಿ ಅಳಿಸಿ, ಎಲ್ಲವನ್ನೂ ಹೊಸದಾಗಿ ತುಂಬಿಕೊಟ್ಟು ಹೋಗಿದ್ದೆ. ನಮ್ಮ ಕಡೆಯ ರೂಢಿಯಂತೆ ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಓದಿಕೋ ಎಂದು ಯಂತ್ರಕ್ಕೆ ಹೇಳುವ ಒಂದು ಸಾಲು ಬರೆಯಬೇಕಿತ್ತು. ಚಿಕ್ಕಬಳ್ಳಾಪುರದ ಬಸ್ಸಿಗೆ ಹೊತ್ತಾಗುತ್ತಿತ್ತು. ಆ ಸಾಲು ಬಿಟ್ಟುಹೋಗಿತ್ತು. ಹಾಗಾಗಿ ಏಳನೆಯ ತಾರೀಕು, ನಾಲ್ಕನೆಯ ತಿಂಗಳು ಎಂದು ಜೋಯಿಸರು ಒತ್ತಿದ್ದನ್ನು ಯಂತ್ರ ಜುಲೈ ನಾಲ್ಕು ಎಂದು ಓದಿಕೊಂಡಿತ್ತು. ಹದಿನೈದನೇ ತಿಂಗಳು ಇಲ್ಲವೆಂಬುದು ಅದಕ್ಕೂ ಗೊತ್ತಿದ್ದರಿಂದ, ದಿನ ಹನ್ನೆರಡನ್ನು ದಾಟಿದ್ದರೆ ತಾನೇ ತಿರುಗಿಸಿ ಸರಿಯಾಗಿ ಓದುತ್ತಿತ್ತು. ಅದಕ್ಕೇ ಇಷ್ಟು ದಿನ ಯಾರ ಗಮನಕ್ಕೂ ಬಂದಿರಲಿಲ್ಲ.

ಸಾಲನ್ನು ಸೇರಿಸಿದೆ. ಒಂದು ನಿಮಿಷದ ಕೆಲಸ. ಈ ಸಲ ಚೈತ್ರ ಬಂತು. ಅಜ್ಜಿಗೆ ಓದಿ ಹೇಳಿದರೆ ಆಕೆ "ಹೂಂ ಮತ್ತೆ" ಎಂದಷ್ಟೇ ಅಂದು, ಹೊಸ ಜಾತಕವನ್ನು ಚೀಲಕ್ಕೆ ಸೇರಿಸಿ ರೈಲಿಗೆ ಹೊರಟರು.

ಜೋಯಿಸರು ಕೇಳಿದರು: "ಕರೆಂಟು ಹೆಚ್ಚುಕಮ್ಮಿ ಆಗಿತ್ತೇನಪ್ಪ?"

ಅದು ಎಲ್ಲ ಯಜಮಾನರೂ ನಂಬುತ್ತಿದ್ದ ಕಾರಣ. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಚೀಲದ ಜಿಪ್ಪು ಎಳೆಯುತ್ತ ನಿಂತೆ. ಅವರು ಗೋಡೆಯ ಗೂಡಿನಿಂದ ಒಂದು ನೋಟುಪುಸ್ತಕ ತೆಗೆದರು. ಯಾರಿಗೆ ಜಾತಕ ಕೊಟ್ಟರೂ ಹೆಸರು, ಊರು, ಹುಟ್ಟಿದ ತಾರೀಕು, ಹೊತ್ತು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡುತ್ತಿದ್ದರು.

"ಯಾವತ್ತಿಂದ ತಪ್ಪಿದೆ ಅಂತ ಹೇಳಪ್ಪ. ಗುರುತು ಮಾಡ್ಕೋತೀನಿ."

ಈ ಪ್ರಶ್ನೆಗೆ ಸುಮ್ಮನಿರುವುದು ಸಾಧ್ಯವಿರಲಿಲ್ಲ. "ನಾನು ವೈರಸ್ ತೆಗೆದು ಹೋದ ದಿನದಿಂದ" ಅಂದೆ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಕರೆಂಟಲ್ಲ. ನಾನೇ ಒಂದು ಸಾಲು ಬಿಟ್ಟಿದ್ದೆ" ಅಂದೆ.

ಅವರು ನನ್ನತ್ತ ನೋಡಲಿಲ್ಲ. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಪುಟ ತಿರುವತೊಡಗಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇಬ್ಬರೂ ಕೂತು ಹೆಸರು ಆರಿಸಿದೆವು. ಇಪ್ಪತ್ತರ ಮೇಲಾಯಿತು.

"ಎಲ್ಲರಿಗೂ ಒಂದೊಂದು ಕಾಗದ ಹಾಕಿದ್ರೆ ಆಗಲ್ವಾ ಜೋಯಿಸರೇ?"

"ತಪ್ಪು ಜಾತಕಾನ ಕೈಯಾರ ಕೊಟ್ಟಿದೀನಿ. ಸರಿ ಜಾತಕಾನ ಅಂಚೇಲಿ ಕಳಿಸ್ಲಾ? ಭಾನುವಾರ ಹೋಗಣ. ನೀನೂ ಬಾ."

ಎರಡು ಭಾನುವಾರ ತಿರುಗಿದೆವು. ಹೋಗುವಾಗ ನನಗಿದ್ದ ಭಯ ದೊಡ್ಡದು. ಆದರೆ ಬಹಳ ಮನೆಗಳಲ್ಲಿ ಜಾತಕವನ್ನು ಪೆಟ್ಟಿಗೆಯಲ್ಲಿಟ್ಟು ಮರೆತಿದ್ದರು. ಹಳೆಯದನ್ನು ಹುಡುಕಿ ಕೊಟ್ಟು, ಹೊಸದನ್ನು ಇಟ್ಟುಕೊಂಡು, ಮಜ್ಜಿಗೆ ಕೊಟ್ಟು ಕಳಿಸಿದರು. ಗೌರಿಬಿದನೂರಿನಲ್ಲೇ ಒಬ್ಬರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿಕೊಂಡು, "ಮೊದಲನೇದ್ರಲ್ಲಿ ವಿದೇಶಯೋಗ ಇತ್ತಲ್ಲ ಸ್ವಾಮಿ, ಅದೇ ಇರ್ಲಿ ಬಿಡಿ" ಎಂದು ತಪ್ಪು ಜಾತಕವನ್ನು ವಾಪಸ್ಸು ಕೊಡಲೇ ಇಲ್ಲ. ಜೋಯಿಸರು ಬಾಗಿಲಲ್ಲಿ ನಿಂತು ಬಹಳ ಹೊತ್ತು ತಿಳಿಹೇಳಿದರು. ಪ್ರಯೋಜನವಾಗಲಿಲ್ಲ. ನನಗೆ ನಗು ಬಂತು, ಅವರಿಗೆ ಬರಲಿಲ್ಲ.

ಮಂಚೇನಹಳ್ಳಿಯ ಮನೆಗೆ ಹೋದದ್ದು ಎರಡನೆಯ ಭಾನುವಾರ. ಸಣ್ಣ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವರ ಮನೆ. ಮಗಳು ಪ್ರೈಮರಿ ಸ್ಕೂಲಿನಲ್ಲಿ ಟೀಚರು, ಇಪ್ಪತ್ತೆಂಟು ವಯಸ್ಸಿರಬೇಕು. ಚಿಂತಾಮಣಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅವರು ಜಾತಕ ಕೇಳಿದ್ದರು. ಇವರ ಬಳಿ ಬರೆಸಿದ್ದು ಇರಲಿಲ್ಲವಾದ್ದರಿಂದ ಶಾಲೆಯ ಸರ್ಟಿಫಿಕೇಟಿನ ತಾರೀಕು ತಂದು ಜೋಯಿಸರ ಹತ್ತಿರ ಬರೆಸಿದ್ದರು. ಮೇ ಹತ್ತು ಅಕ್ಟೋಬರ್ ಐದಾಗಿತ್ತು. ಜಾತಕ ಕೂಡುವುದಿಲ್ಲವೆಂದು ಗಂಡಿನವರು ಹಿಂದೆ ಸರಿದಿದ್ದರು.

ಜೋಯಿಸರು ವಿಷಯ ಹೇಳಿದ ಮೇಲೆ ತಂದೆ ಒಳಗೆ ಹೋಗಿ ಗಂಡಿನ ಜಾತಕದ ನಕಲು ತಂದರು. "ಈಗ ನೋಡಿ ಹೇಳಿ. ಕೂಡುತ್ತಾ?"

ಜೋಯಿಸರು ಭೂತಗನ್ನಡಿ ಹಿಡಿದು ಎರಡನ್ನೂ ನೋಡಿದರು. ಬೆರಳ ಗಿಣ್ಣುಗಳ ಮೇಲೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಈಗಲೂ ಕೂಡುವುದಿಲ್ಲವೆಂದು ಅವರು ಸುಳ್ಳು ಹೇಳಿಬಿಡಲಿ ಎಂದು ನಾನು ಬಯಸುತ್ತಿದ್ದೆ.

"ಕೂಡುತ್ತೆ" ಅಂದರು.

ತಂದೆ ಕುರ್ಚಿಯಿಂದ ಎದ್ದರು. "ಕಣ್ಣು ಕಾಣಲ್ಲ ಅಂದ್ರೆ ಅಂಗಡಿ ಮುಚ್ಚಬೇಕು ಜೋಯಿಸರೇ. ಜನರ ಬಾಳಿನ ಜೊತೆ ಆಟ ಆಡಬಾರದು."

"ತಪ್ಪು ಅವರದಲ್ಲ ಸಾರ್, ನಂದು" ಎಂದೆ. ತಂದೆ ನನ್ನ ಕಡೆ ತಿರುಗಿ ಏನೇನೋ ಅಂದರು. ಅಷ್ಟು ವರ್ಷದಲ್ಲಿ ಮಾಡದ ತಪ್ಪಿಗೆ ಮಾತು ಕೇಳಿಸಿಕೊಂಡಾಗಲೆಲ್ಲ ಉತ್ತರ ಸಿದ್ಧವಾಗಿ ಇರುತ್ತಿತ್ತು. ಅಂದು ಒಂದೂ ಬಾಯಿಗೆ ಬರಲಿಲ್ಲ.

ನಡುಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಆಗ ಕೇಳಿದರು: "ಏನಾಗಿತ್ತು ಅದರಲ್ಲಿ?"

ಯಂತ್ರದ ಒಳಗೆ ಏನಾಗಿತ್ತೆಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಬೇಕಿದ್ದದ್ದು ಯಾವಾಗ ಸರಿಯಾಗುತ್ತದೆ ಎಂಬುದು. ಹಳೆಯ ಜಾತಕದ ಹಿಂಬದಿಯಲ್ಲಿ ಅವರ ತಾರೀಕನ್ನು ಎರಡು ರೀತಿ ಬರೆದು ತೋರಿಸಿದೆ. ಅವರು ಬಂದು ಬಗ್ಗಿ ನೋಡಿದರು. ಎರಡನೇ ಸಲ ಹೇಳಬೇಕಾಗಲಿಲ್ಲ.

"ಒಂದು ಸಾಲು ಬಿಟ್ಟುಹೋಗಿತ್ತು, ಅಷ್ಟೇನಾ?"

"ಅಷ್ಟೇ. ಅವಸರದಲ್ಲಿ ಬಿಟ್ಟೆ."

ಅವರು ಆ ಕಾಗದವನ್ನು ಮಡಿಸಿದರು. "ಇಲ್ಲೀವರೆಗೂ ನೋಡೋಕೆ ಬಂದೋರೆಲ್ಲ ಒಂದೊಂದು ಹೇಳಿ ಹೋಗವ್ರೆ. ಬಣ್ಣ ಅಂದ್ರು, ಕೆಲಸಕ್ಕೆ ಹೋಗ್ತಾಳೆ ಅಂದ್ರು, ನಕ್ಷತ್ರ ಅಂದ್ರು. ತಪ್ಪು ನಮ್ಮದು ಅಂತ ಯಾರೂ ವಾಪಸ್ ಬಂದಿರ್ಲಿಲ್ಲ" ಎಂದರು. ದನಿಯಲ್ಲಿ ಕೊಂಕು ಇರಲಿಲ್ಲ.

ಜೋಯಿಸರು ಮುಂದೆ ಬಾಗಿದರು. "ನಾಳೇನೇ ನಾನು ಚಿಂತಾಮಣಿಗೆ ಹೋಗ್ತೀನಮ್ಮ. ಅವರ ಮನೆಗೆ ಹೋಗಿ ನಡೆದಿದ್ದು ಹೇಳ್ತೀನಿ."

"ಹೋಗಿ ಬನ್ನಿ, ಅಷ್ಟಾದ್ರೂ ಮಾಡಿ" ಎಂದರು ತಂದೆ.

"ಬೇಡ" ಎಂದರು ಮಗಳು. "ಒಂದು ಕಾಗದ ನೋಡಿ ಬೇಡ ಅಂದೋರು ಇನ್ನೊಂದು ಕಾಗದ ನೋಡಿ ಬೇಕು ಅಂದ್ರೆ, ಅದರಲ್ಲಿ ನಾನೆಲ್ಲಿದೀನಪ್ಪ?"

ಒಳಗಿನಿಂದ ತಾಯಿ ಎರಡು ಲೋಟ ಕಾಫಿ ತಂದು ನಮ್ಮ ಮುಂದಿಟ್ಟರು. ಕುಡಿಯದೆ ಏಳುವಂತಿರಲಿಲ್ಲ, ಕುಡಿಯುವುದೂ ಕಷ್ಟವಾಗಿತ್ತು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಜೋಯಿಸರು ಹೇಳಿದರು: "ಆ ಸಾಲನ್ನ ನೀನು ಬಿಟ್ಟೆ. ಬಂದ ಜಾತಕಾನ ಕಣ್ಣಿಗೊತ್ತಿಕೊಂಡು ಓದದೇ ಕೊಟ್ಟಿದ್ದು ನಾನು. ಅದನ್ನ ಆ ಮನೇಲಿ ಹೇಳಬೇಕಿತ್ತು. ನೀನು ನಂದು ಅಂದಾಗ ಸುಮ್ನಾಗಿಬಿಟ್ಟೆ."

ಆ ತಂದೆ ಮನಸ್ಸು ತಡೆಯದೆ ತಾವೇ ಚಿಂತಾಮಣಿಗೆ ಹೋಗಿಬಂದರೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹುಡುಗನಿಗೆ ಬೇರೆ ಕಡೆ ಸಂಬಂಧ ಗೊತ್ತಾಗಿತ್ತಂತೆ. ಒಂದೂವರೆ ವರ್ಷದ ನಂತರ ಟೀಚರಿಗೆ ಮದುವೆಯಾಯಿತು. ಜಾತಕ ಕೇಳದೆ ಒಪ್ಪಿದ ಮನೆ ಎಂದು ಜೋಯಿಸರು ಹೇಳಿದರು. ಅವರನ್ನೂ ಕರೆದಿದ್ದರು, ಹೋಗಿ ಊಟ ಮಾಡಿ ಬಂದರು. ಆಕೆ ಸುಖವಾಗಿದ್ದಾರೋ ಇಲ್ಲವೋ ಗೊತ್ತಿಲ್ಲ. ಮೊದಲಿನ ಸಂಬಂಧ ಕೂಡಿದ್ದರೆ ಹೇಗಿರುತ್ತಿದ್ದರೋ ಅದೂ ಗೊತ್ತಿಲ್ಲ. ಜಾತಕ ನಂಬದ ನಾನು ಆ ಲೆಕ್ಕವನ್ನು ಎಷ್ಟೋ ಸಲ ಹಾಕಿದ್ದೇನೆ.

ಆಮೇಲೆ ರಿಪೇರಿ ಮುಗಿದ ಮೇಲೂ ಒಂದು ಗಂಟೆ ಕೂತು, ಯಜಮಾನರ ಕೈಯಲ್ಲೇ ಎಲ್ಲವನ್ನೂ ಒಂದೊಂದಾಗಿ ನಡೆಸಿ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಅದರಿಂದ ಯಾರಿಗೂ ಖುಷಿಯಾಗಲಿಲ್ಲ. "ಆಯ್ತಲ್ಲ, ಇನ್ನೇನು?" ಎಂದು ಗಡಿಯಾರ ನೋಡುವರು. ಬಸ್ಸುಗಳು ತಪ್ಪಿದವು.

ಪಟ್ಟಿಯಲ್ಲಿದ್ದ ಒಂದು ಮನೆ ಮಾತ್ರ ಉಳಿಯಿತು. ತೊಂಡೇಬಾವಿಯಲ್ಲಿ ಸ್ಟೇಷನ್ನಿನ ಹತ್ತಿರ ಬಾಡಿಗೆಗಿದ್ದವರು, ಹೆಣ್ಣುಮಗುವಿಗೆ ಬರೆಸಿದ್ದರು. ಎರಡು ಸಲ ಹೋದೆವು. ಎರಡು ಸಲವೂ ಬೀಗ. ಹಿಂದೂಪುರದ ಕಡೆ ಕೆಲಸಕ್ಕೆ ಹೋದರೆಂದು ಪಕ್ಕದವರು ಹೇಳಿದರು, ವಿಳಾಸ ಅವರಿಗೂ ಗೊತ್ತಿರಲಿಲ್ಲ. ಆ ಮಗುವಿನ ಸರಿಯಾದ ಜಾತಕ ಲಕೋಟೆಯಲ್ಲಿ ನನ್ನ ಹತ್ತಿರವೇ ಇದೆ. ತಪ್ಪಾದದ್ದು ಅವರ ಮನೆಯ ಯಾವುದಾದರೂ ಪೆಟ್ಟಿಗೆಯಲ್ಲಿ ಇರಬೇಕು.