ಮೂಸಿದೆನೋ, ಇಲ್ಲವೋ

ಹೂವಿನ ಚಿತ್ರವನ್ನು ತೀರಾ ಹತ್ತಿರದಿಂದ ತೆಗೆಯುವವನನ್ನು ದೂರದಿಂದ ನೋಡಿದರೆ, ಅವನು ಹೂವಿನ ಕಿವಿಯಲ್ಲಿ ಏನೋ ಗುಟ್ಟು ಹೇಳುತ್ತಿರುವಂತೆ ಕಾಣುತ್ತದಂತೆ. ಇದನ್ನು ನನಗೆ ಹೇಳಿದವರು ಯಾರೆಂದು ನೆನಪಿಲ್ಲ; ನಾನೇ ಕಲ್ಪಿಸಿಕೊಂಡದ್ದೂ ಇರಬಹುದು. ನೆನಪಿನ ವಿಷಯದಲ್ಲಿ ನಾನು ನಂಬಿಕಸ್ಥನಲ್ಲ. ಅದಕ್ಕೆ ಮದ್ದೆಂದು ದಿನಚರಿ ಬರೆಯುತ್ತೇನಾದರೂ, ಬರೆಯುವವನೂ ನಾನೇ ಆದ್ದರಿಂದ ಮದ್ದಿನ ಮೇಲೂ ಪೂರ್ತಿ ಭರವಸೆಯಿಲ್ಲ.

ಶಿಕಾರಿಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವ ನನಗೆ ಈ ಹವ್ಯಾಸ ಅಂಟಿದ್ದು ಈಚೆಗೆ. ಮೊಬೈಲಿಗೆ ಸಿಕ್ಕಿಸುವ, ಅಂಗಿಯ ಗುಂಡಿಯಷ್ಟು ದೊಡ್ಡದಾದ ಒಂದು ಮಸೂರ ಕೊಂಡೆ. ಅದು ಹೂವಿನಿಂದ ಎರಡು ಬೆರಳಿನಷ್ಟು ದೂರದಲ್ಲಿರಬೇಕು. ಬೆಳಗಿನ ಎಳೆಬಿಸಿಲೂ ಬೇಕು. ಹೊತ್ತೇರಿದರೆ ದಾಸವಾಳವು, ಬಣ್ಣದ ಡಬ್ಬಿ ಚೆಲ್ಲಿದಂತೆ ಕಾಣುತ್ತದೆ. ಎಳೆಬಿಸಿಲಿನಲ್ಲಾದರೆ ಎಸಳಿನ ನರಗಳೆಲ್ಲ ಎದ್ದು ಕಾಣುತ್ತವೆ. ತೊಂದರೆಯೆಂದರೆ, ನಮ್ಮ ಬೀದಿಗೆ ಬಿಸಿಲು ಬರುವ ಹೊತ್ತಿಗೆ ಹೂವೇ ಉಳಿದಿರುವುದಿಲ್ಲ. ವಾಕಿಂಗ್ ಹೊರಟ ಹಿರಿಯರು ಪ್ಲಾಸ್ಟಿಕ್ ಕವರು ಹಿಡಿದು, ಕಾಂಪೌಂಡಿನಾಚೆ ಬಾಗಿದ ಕೊಂಬೆಗಳನ್ನೆಲ್ಲ ನಸುಕಿನಲ್ಲೇ ಬೋಳಿಸಿ, ಊರವರ ಹೂವನ್ನು ತಮ್ಮ ದೇವರಿಗೆ ಏರಿಸಿರುತ್ತಾರೆ. ಹೀಗೆ ಭಕ್ತಿಗೂ ಕಲೆಗೂ ಪೈಪೋಟಿ ಬಿದ್ದು ಕಲೆ ದಿನವೂ ಸೋಲುತ್ತಿದ್ದುದರಿಂದ, ಒಂದು ಶನಿವಾರ ಸಂಜೆ ಬಸ್ಸು ಹತ್ತಿ ಸೊರಬದ ಅಕ್ಕನ ಮನೆಗೆ ಹೋದೆ.

ಅಕ್ಕನ ಹಿತ್ತಿಲಿನಲ್ಲಿ ಕಸಿ ಕಟ್ಟಿದ ಕೆಂಡಸಂಪಿಗೆಯ ಗಿಡವಿದೆ. ಮರುದಿನ ಬೆಳಿಗ್ಗೆ ಅದರಲ್ಲಿ ಒಂದೇ ಒಂದು ಹೂ ಅರಳಿತ್ತು. ಅದು ಆ ಗಿಡದ ಮೊತ್ತಮೊದಲ ಹೂವೆಂದು ನನಗೆ ತಿಳಿದಿರಲಿಲ್ಲ. ಭಾವನ ಬಿಳಿ ಪಂಚೆಯನ್ನು ಹಗ್ಗದ ಮೇಲೆ ಇಳಿಬಿಟ್ಟು ಬಿಸಿಲನ್ನು ಸೋಸಿ, ಉಸಿರು ಬಿಗಿಹಿಡಿದು, ಚಿತ್ರದ ಮೇಲೆ ಚಿತ್ರ ತೆಗೆದೆ. "ಎಂಥ ಮಾಡ್ತಿದೀಯ ಅಲ್ಲಿ?" ಎಂದು ಅಕ್ಕ ಹಿಂದಿನಿಂದ ಕೇಳಿದಾಗ ನನ್ನ ಮುಖ ಎಲೆಗಳ ನಡುವೆಯೇ ಇತ್ತು.

ಅವಳ ಕೈಯಲ್ಲಿ ಬಾಳೆಲೆಯ ತುಂಡಿತ್ತು. ವಿಷಯ ತಿಳಿದದ್ದು ಆಗಲೇ. ಭಾವನ ಕಣ್ಣಿನ ಆಪರೇಷನ್ನಿಗೆ ಮುನ್ನ ಅವಳು, ದೃಷ್ಟಿ ಮರಳಿದರೆ ಈ ಗಿಡದ ಮೊದಲ ಹೂ ನಿನಗೇ ಎಂದು ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತಿದ್ದಳು. ದೃಷ್ಟಿ ಮರಳಿ ವರ್ಷವೇ ಆಗಿತ್ತು. ಭಾವ ಪೇಪರಿನ ಸಣ್ಣಕ್ಷರದ ಜಾಹೀರಾತುಗಳನ್ನೂ ಗಟ್ಟಿಯಾಗಿ ಓದಿ ಮನೆಯವರಿಗೆ ಬೇಸರ ಹುಟ್ಟಿಸುವ ಹಂತ ತಲುಪಿದ್ದರು. ಗಿಡ ಮಾತ್ರ ಈಗ ಮನಸ್ಸು ಮಾಡಿತ್ತು. ಮೂಸಿದ ಹೂ ದೇವರಿಗೆ ಸಲ್ಲದು ಎಂಬುದು ನಿಮಗೂ ಗೊತ್ತು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಕಲಿಸುವ ಪಾಠ ಅದು.

"ಮೂಸಿದ್ಯನಾ?" ಎಂದಳು ಅಕ್ಕ.

ಇಲ್ಲ ಎನ್ನಲು ಬಾಯಿ ತೆರೆದವನು ಅಲ್ಲಿಗೇ ನಿಂತೆ. ಮೂಗಿನಲ್ಲಿ ಪರಿಮಳವಿತ್ತು. ಅದು ತಾನಾಗಿ ಬಂದದ್ದೋ, ನಾನು ಎಳೆದುಕೊಂಡದ್ದೋ? ಬಂದದ್ದಾದರೆ ತಪ್ಪು ಗಾಳಿಯದು, ಎಳೆದುಕೊಂಡದ್ದಾದರೆ ನನ್ನದು. ಉಸಿರು ಬಿಗಿಹಿಡಿದವನು ಎಲ್ಲೋ ಒಂದು ಕಡೆ ಬಿಟ್ಟು ಮತ್ತೆ ಎಳೆದುಕೊಂಡಿರಲೇಬೇಕಲ್ಲ; ಆಗ ಮೂಗು ಎಲ್ಲಿತ್ತು? ಮೊಬೈಲಿನಲ್ಲಿ ಚಿತ್ರಗಳನ್ನು ಸರಿಸಿ ನೋಡಿದೆ. ಎಸಳಿನ ನರ, ಬುಡದಲ್ಲೊಂದು ಇರುವೆಯ ಮೀಸೆ, ಎಲ್ಲವೂ ಸ್ಪಷ್ಟ. ಕಡೆಯ ಚಿತ್ರ ಮಾತ್ರ ಬರೀ ಕೇಸರಿ ಮಂಜು; ತೀರಾ ಸಮೀಪಕ್ಕೆ ಹೋಗಿಬಿಟ್ಟಿದ್ದೆ. ಇತಿಹಾಸದ ಮೇಷ್ಟರಿಗೆ ದಾಖಲೆಯೇನೋ ಸಿಕ್ಕಿತು. ಆದರೆ ಸಮೀಪಕ್ಕೆ ಹೋದದ್ದು ಮೊಬೈಲು ಮಾತ್ರವೋ, ಅದರ ಹಿಂದಿದ್ದ ಮೂಗೂ ಹೋಗಿತ್ತೋ ಎಂಬುದನ್ನು ದಾಖಲೆ ಹೇಳಲಿಲ್ಲ.

"ಗೊತ್ತಿಲ್ಲ" ಎಂದೆ.

"ಮೂಗು ನಿಂದೇ ಅಲ್ಲನಾ ಮಾರಾಯ?"

ಜಗಲಿಯಲ್ಲಿದ್ದ ಭಾವ, ಇಲ್ಲ ಅಂದುಬಿಟ್ಟರೆ ಮುಗಿಯಿತು, ಚಂದ್ರಗುತ್ತಿಯ ಬಸ್ಸಿಗೆ ಹೊತ್ತಾಗುತ್ತದೆ ಎಂದು ಸಲಹೆ ಕೊಟ್ಟರು. ಅನ್ನಬಹುದಿತ್ತು. ಆದರೆ ಆ ಮೊಗ್ಗಿಗಾಗಿ ವರ್ಷವಿಡೀ ಕಾದವಳ ಮುಖ ನೋಡಿಕೊಂಡು, ನನಗೇ ಖಾತ್ರಿಯಿಲ್ಲದ್ದನ್ನು ಖಾತ್ರಿಯೆಂಬಂತೆ ಹೇಳಲು ನಾಲಿಗೆ ಏಳಲಿಲ್ಲ. ಅಕ್ಕ ಸ್ವಲ್ಪ ಹೊತ್ತು ಗಿಡವನ್ನೇ ನೋಡಿದಳು. ಮುಂದೆ ಎಷ್ಟು ಹೂ ಬಿಟ್ಟರೂ ಮೊದಲನೆಯದು ಎನ್ನಿಸಿಕೊಳ್ಳುವುದು ಇದೊಂದೇ. ಕಡೆಗೆ ಅದನ್ನು ಬಿಡಿಸಿ ಬಾಳೆಲೆಯಲ್ಲಿ ಸುತ್ತಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಪೊಟ್ಟಣವನ್ನು ನನ್ನಿಂದ ಆಚೆಯ ಕೈಯಲ್ಲೇ ಹಿಡಿದುಕೊಂಡಿದ್ದಳು.

ಚಂದ್ರಗುತ್ತಿಯಲ್ಲಿ ಮೂವರೂ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಅರ್ಚಕರ ತಟ್ಟೆಗೆ ಹೂ ಇಡುವ ಮುನ್ನ ಅಕ್ಕ ಕಣ್ಣು ಮುಚ್ಚಿ ಅಮ್ಮನಿಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು:

"ತಾಯಿ, ನನ್ ತಮ್ಮ ಮೂಸಿದ್ನೋ ಇಲ್ವೋ ಅವಂಗೇ ಗೊತ್ತಿಲ್ಲ. ಇದ್ದದ್ದು ಇದ್ದಂಗೆ ಹೇಳಿದೀನಿ. ಬೇಕಾದ್ರೆ ತಗೋ, ಬ್ಯಾಡಾದ್ರೆ ಅವನ್ನೇ ಕೇಳ್ಕೋ."

ಅರ್ಚಕರು ಹೂ ಏರಿಸಿದರು. ಮಂಗಳಾರತಿಯಾದ ಮೇಲೆ ಪ್ರಸಾದವೆಂದು ಅದೇ ಹೂವನ್ನು ಅಕ್ಕನ ಬೊಗಸೆಗೆ ಹಾಕಿದರು. ಅಮ್ಮ ತೆಗೆದುಕೊಂಡು ಕೊಟ್ಟದ್ದೋ, ಬೇಡವೆಂದು ಹಿಂದಿರುಗಿಸಿದ್ದೋ ಎಂದು ನಾನು ಹೊಸ ಗೊಂದಲಕ್ಕೆ ಬಿದ್ದೆ. ಅಕ್ಕನಿಗೆ ಅಂಥದ್ದೇನೂ ಇದ್ದಂತಿರಲಿಲ್ಲ. ಹೂವನ್ನು ಕಣ್ಣಿಗೊತ್ತಿಕೊಂಡು, ಭಾವನ ಕಣ್ಣಿಗೂ ಒತ್ತಿ, ನನ್ನ ಮುಂದೆ ಹಿಡಿದಳು.

"ಈಗ ಮೂಸು. ಬೆಳಿಗ್ಗೆ ಬಂದಿದ್ದೂ ಇದೇ ಪರಿಮಳ ಹೌದನಾ ನೋಡು."

ಮೂಸಿದೆ. ಕರ್ಪೂರದ ಹೊಗೆ, ಕುಂಕುಮ, ಬಾಳೆಲೆಯ ಹಸಿವಾಸನೆ, ಅವುಗಳ ಅಡಿಯಲ್ಲೆಲ್ಲೋ ಸಂಪಿಗೆ. ಪರಿಚಿತವೆನಿಸಿತು, ಆದರೆ ಸಂಪಿಗೆ ಯಾರಿಗೆ ಅಪರಿಚಿತ? ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಖಾತ್ರಿಗೆಂದು ಇನ್ನೊಮ್ಮೆ ಮೂಸಿದೆ, ಮತ್ತೂ ಒಮ್ಮೆ.

"ಸಾಕು ಕೊಡು, ನಂಗೂ ಒಂಚೂರು ಉಳಿಸು" ಎಂದು ಅಕ್ಕ ಹೂವನ್ನು ಕಸಿದುಕೊಂಡಳು. ತುರುಬಿಗೆ ಸಿಕ್ಕಿಸಿಕೊಳ್ಳುವ ಮುನ್ನ, ತನ್ನ ಗಿಡದ ಆ ಹೂವನ್ನು ಮೂಗಿನ ಹತ್ತಿರ ತಂದು, ಬಹಳ ಹೊತ್ತು, ಮೊದಲ ಸಲ ಮೂಸಿದಳು.